ವಿಚ್ಛೇದನವಾದರೆ ಮಗು ಯಾರ ಬಳಿ, ಖರ್ಚು ಯಾರದು? ಪುಣೆಯ ಪ್ರಕರಣ ಮತ್ತು ಕಾನೂನು ಹೇಳುವುದಿಷ್ಟು

ಪುಣೆಯ ಖಾಸಗಿ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಎಂಜಿನಿಯರ್ ಮಹಿಳೆಯೊಬ್ಬರಿಗೆ ಪೋಲೆಂಡ್ ದೇಶದ ಕ್ರಾಕೋವ್ ನಗರದಲ್ಲಿ ಕೆಲಸ ಮಾಡುವ ಅವಕಾಶ ಬಂತು. ಅವರು 2015ರಿಂದಲೇ ಪತಿಯಿಂದ ಬೇರೆಯಾಗಿ ವಾಸಿಸುತ್ತಿದ್ದರು. 9 ವರ್ಷದ ಮಗಳು ಅವರ ಬಳಿಯೇ ಬೆಳೆಯುತ್ತಿದ್ದಳು. ಮಗಳನ್ನೂ ಜತೆಗೆ ಕರೆದೊಯ್ಯುತ್ತೇನೆ ಎಂದು ಅವರು ಕೇಳಿದಾಗ ತಂದೆ ಒಪ್ಪಲಿಲ್ಲ. ದೂರದ ದೇಶಕ್ಕೆ ಹೋದರೆ ಮಗಳ ಜತೆಗಿನ ನಂಟೇ ಕಡಿದುಹೋಗುತ್ತದೆ ಎಂಬುದು ಅವರ ಆತಂಕ. ಪಕ್ಕದ ಉಕ್ರೇನ್‌ನಲ್ಲಿ ನಡೆಯುತ್ತಿದ್ದ ಯುದ್ಧವನ್ನೂ ಅವರು ಮುಂದಿಟ್ಟರು. ಪುಣೆಯ ಕೌಟುಂಬಿಕ ನ್ಯಾಯಾಲಯ ತಾಯಿಗೆ ಅನುಮತಿ ನೀಡಲಿಲ್ಲ. ಪ್ರಕರಣ ಬಾಂಬೆ ಹೈಕೋರ್ಟ್ ಮೆಟ್ಟಿಲೇರಿತು.

2022ರ ಜುಲೈನಲ್ಲಿ ನ್ಯಾಯಮೂರ್ತಿ ಭಾರತಿ ಡಾಂಗ್ರೆ ತಾಯಿಯ ಪರವಾಗಿ ಆದೇಶ ನೀಡಿದರು. ಮಗು ಬೇಕೋ, ಕೆಲಸ ಬೇಕೋ ಎಂದು ತಾಯಿಯೊಬ್ಬಳನ್ನು ಇಕ್ಕಟ್ಟಿಗೆ ಸಿಲುಕಿಸಲಾಗದು ಎಂಬುದು ಆದೇಶದ ತಿರುಳು. ಆದರೆ ಹೈಕೋರ್ಟ್ ಅಷ್ಟಕ್ಕೇ ನಿಲ್ಲಲಿಲ್ಲ. ಮಗಳಿಗೆ ತಂದೆಯೂ ಬೇಕು ಎಂದ ನ್ಯಾಯಾಲಯ, ರಜೆಯಲ್ಲಿ ಮಗುವನ್ನು ಭಾರತಕ್ಕೆ ಕರೆತಂದು ತಂದೆಯ ಜತೆ ಇರಲು ಬಿಡಬೇಕು ಎಂಬ ಷರತ್ತು ಹಾಕಿತು.

ಮೇಲ್ನೋಟಕ್ಕೆ ಇದು ತಾಯಿಯ ಗೆಲುವು, ತಂದೆಯ ಸೋಲು ಎನಿಸಬಹುದು. ಆದರೆ ಕಾನೂನು ಈ ಪ್ರಶ್ನೆಯನ್ನು ನೋಡುವ ರೀತಿಯೇ ಬೇರೆ. ಮಗುವಿನ ಮೇಲೆ ಯಾರಿಗೆ ಹೆಚ್ಚು ಹಕ್ಕಿದೆ ಎಂಬುದಲ್ಲ, ಮಗುವಿಗೆ ಯಾವುದು ಒಳ್ಳೆಯದು ಎಂಬುದಷ್ಟೇ ನ್ಯಾಯಾಲಯದ ಮುಂದಿರುವ ಪ್ರಶ್ನೆ. ಗಂಡ ಹೆಂಡತಿಯ ಸಂಬಂಧ ವಿಚ್ಛೇದನದಿಂದ ಮುಗಿಯಬಹುದು, ಆದರೆ ಅಪ್ಪ ಅಮ್ಮನ ಹೊಣೆ ಮುಗಿಯುವುದಿಲ್ಲ. ಇದು ಗೊತ್ತಿಲ್ಲದೆ ಅನೇಕ ಪೋಷಕರು ವರ್ಷಗಟ್ಟಲೆ ಕೋರ್ಟ್ ಅಲೆಯುತ್ತಾರೆ. ಮಗುವಿನ ಸುಪರ್ದಿ, ಭೇಟಿಯ ಹಕ್ಕು ಮತ್ತು ಜೀವನಾಂಶದ ಬಗ್ಗೆ ತಿಳಿದಿರಬೇಕಾದ ಮುಖ್ಯ ಸಂಗತಿಗಳು ಇಲ್ಲಿವೆ.

ಸುಪರ್ದಿ ಬೇರೆ, ಪಾಲಕತ್ವ ಬೇರೆ

ಈ ಎರಡು ಪದಗಳನ್ನು ಒಂದೇ ಎಂದು ಭಾವಿಸುವವರು ಹೆಚ್ಚು. ಸುಪರ್ದಿ ಅಥವಾ ಕಸ್ಟಡಿ ಎಂದರೆ ಮಗು ದಿನನಿತ್ಯ ಯಾರ ಮನೆಯಲ್ಲಿ ಇರುತ್ತದೆ, ಅದರ ಊಟ, ನಿದ್ದೆ, ಶಾಲೆಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು. ಪಾಲಕತ್ವ ಎಂದರೆ ಮಗುವಿನ ಪರವಾಗಿ ಕಾನೂನುಬದ್ಧ ನಿರ್ಧಾರ ತೆಗೆದುಕೊಳ್ಳುವ ಅಧಿಕಾರ. ಮಗುವಿನ ಹೆಸರಿನ ಆಸ್ತಿ, ಹಣಕಾಸು, ದಾಖಲೆಗಳಿಗೆ ಸಹಿ ಇವೆಲ್ಲ ಇದರಲ್ಲಿ ಬರುತ್ತವೆ. ಮಗು ತಾಯಿಯ ಬಳಿ ಇದ್ದ ಮಾತ್ರಕ್ಕೆ ತಂದೆ ಪಾಲಕನಾಗಿ ಉಳಿಯುವುದಿಲ್ಲ ಎಂದೇನಿಲ್ಲ.

1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ತಂದೆ ಸಹಜ ಪಾಲಕ, 'ಆತನ ನಂತರ' ತಾಯಿ. ಈ 'ನಂತರ' ಎಂಬ ಪದವೇ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಲೇಖಕಿ ಗೀತಾ ಹರಿಹರನ್ 1984ರಲ್ಲಿ ತಮ್ಮ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್‌ಗೆ ಅರ್ಜಿ ಹಾಕಿದ್ದರು. ತಂದೆಯ ಸಹಿ ಬೇಕೆಂದು ಅರ್ಜಿ ವಾಪಸ್ ಬಂತು. ಪತಿ ಪತ್ನಿ ಇಬ್ಬರೂ ಸೇರಿ ಇದನ್ನು ಪ್ರಶ್ನಿಸಿದರು. 1999ರ ಫೆಬ್ರವರಿಯಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, 'ನಂತರ' ಎಂದರೆ ತಂದೆಯ ಮರಣದ ನಂತರ ಎಂದಲ್ಲ, ತಂದೆ ಮಗುವಿನ ಹೊಣೆ ಹೊತ್ತಿಲ್ಲದ ಸಂದರ್ಭದಲ್ಲಿ ಎಂದು ಅರ್ಥ ಮಾಡಬೇಕು ಎಂದಿತು. ತಂದೆ ಬದುಕಿದ್ದರೂ ತಾಯಿ ಪಾಲಕಿಯಾಗಲು ಇದರಿಂದ ದಾರಿ ತೆರೆಯಿತು.

ಯಾವ ಕಾನೂನು ಅನ್ವಯವಾಗುತ್ತದೆ?

ಹಿಂದೂ ದಂಪತಿಯ ವಿಚ್ಛೇದನ ಪ್ರಕರಣ ನಡೆಯುತ್ತಿದ್ದರೆ, 1955ರ ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ ಅಡಿ ಅದೇ ನ್ಯಾಯಾಲಯ ಮಕ್ಕಳ ಸುಪರ್ದಿ, ಖರ್ಚು ಮತ್ತು ಶಿಕ್ಷಣದ ಬಗ್ಗೆ ಆದೇಶ ನೀಡಬಹುದು. ಪ್ರಕರಣ ನಡೆಯುತ್ತಿರುವಾಗ ಮಧ್ಯಂತರ ಆದೇಶ, ತೀರ್ಪಿನ ಬಳಿಕ ಅಂತಿಮ ಆದೇಶ ಎರಡಕ್ಕೂ ಅವಕಾಶವಿದೆ. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಆ ಕಾಯ್ದೆಯ 38ನೇ ಸೆಕ್ಷನ್ ಇದೆ. ಕ್ರೈಸ್ತ ಮತ್ತು ಪಾರ್ಸಿ ದಂಪತಿಗೆ ಅವರವರ ವಿವಾಹ ಕಾನೂನಿನಲ್ಲಿ ಇಂಥದೇ ಅವಕಾಶಗಳಿವೆ.

ವಿಚ್ಛೇದನದ ಅರ್ಜಿಯೇ ಇಲ್ಲದಿದ್ದರೂ ಮಗುವಿಗಾಗಿ ಪ್ರತ್ಯೇಕವಾಗಿ ನ್ಯಾಯಾಲಯಕ್ಕೆ ಹೋಗಬಹುದು. ಅದಕ್ಕಿರುವುದು ಬ್ರಿಟಿಷರ ಕಾಲದ, 1890ರ ಪಾಲಕರು ಮತ್ತು ಪಾಲಿತರ ಕಾಯ್ದೆ. ಇದು ಎಲ್ಲ ಧರ್ಮದವರಿಗೂ ಅನ್ವಯ. ಮನೆಯಲ್ಲಿ ಹಿಂಸೆ ಅನುಭವಿಸಿದ ಮಹಿಳೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 21ನೇ ಸೆಕ್ಷನ್ ಅಡಿ ಮ್ಯಾಜಿಸ್ಟ್ರೇಟರಿಂದಲೇ ಮಗುವಿನ ತಾತ್ಕಾಲಿಕ ಸುಪರ್ದಿ ಪಡೆಯಬಹುದು.

ಪುಣೆಯಲ್ಲಿ ಇಂಥ ಪ್ರಕರಣಗಳು ಶಿವಾಜಿನಗರದಲ್ಲಿರುವ ಕೌಟುಂಬಿಕ ನ್ಯಾಯಾಲಯಕ್ಕೆ ಬರುತ್ತವೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಪ್ರಕಾರ ನ್ಯಾಯಾಲಯ ಮೊದಲು ರಾಜಿಗೆ ಯತ್ನಿಸಬೇಕು. ಇದಕ್ಕಾಗಿ ನ್ಯಾಯಾಲಯದಲ್ಲೇ ಆಪ್ತಸಮಾಲೋಚಕರು ಇರುತ್ತಾರೆ. ಕೋರಿಕೆ ಸಲ್ಲಿಸಿದರೆ ವಿಚಾರಣೆ ಮುಚ್ಚಿದ ಕೊಠಡಿಯಲ್ಲಿ ನಡೆಯುತ್ತದೆ. ತೀರ್ಪು ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಹೈಕೋರ್ಟ್‌ಗೆ ಮೇಲ್ಮನವಿ ಸಲ್ಲಿಸಬಹುದು.

5 ವರ್ಷದೊಳಗಿನ ಮಗು ತಾಯಿಗೇ ಸೇರುತ್ತದೆಯೇ?

ಸಾಮಾನ್ಯವಾಗಿ ಹೌದು. 5 ವರ್ಷ ತುಂಬದ ಮಗುವಿನ ಸುಪರ್ದಿ 'ಸಾಧಾರಣವಾಗಿ' ತಾಯಿಯ ಬಳಿ ಇರಬೇಕು ಎಂದು 1956ರ ಪಾಲಕತ್ವ ಕಾಯ್ದೆಯೇ ಹೇಳುತ್ತದೆ. ಗೋವಾದ ದಂಪತಿಯ ಪ್ರಕರಣವೊಂದರಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಇಷ್ಟು ಚಿಕ್ಕ ಮಗುವನ್ನು ತಾಯಿಯಿಂದ ದೂರ ಇಡಬೇಕಾದರೆ ಅದು ಮಗುವಿನ ಹಿತಕ್ಕೆ ಏಕೆ ಅಗತ್ಯ ಎಂಬುದನ್ನು ತಂದೆಯೇ ಸಾಬೀತುಪಡಿಸಬೇಕು ಎಂದಿತು.

ಆದರೆ 5 ವರ್ಷ ತುಂಬಿದ ಮರುದಿನ ಮಗು ತಾನಾಗಿ ತಂದೆಯ ಪಾಲಾಗುತ್ತದೆ ಎಂಬ ನಂಬಿಕೆ ತಪ್ಪು. ಗಂಡು ಮಗು ತಂದೆಗೆ, ಹೆಣ್ಣು ಮಗು ತಾಯಿಗೆ ಎಂಬ ನಿಯಮವೂ ಹಿಂದೂ ಕಾನೂನಿನಲ್ಲಿ ಇಲ್ಲ. ಮುಸ್ಲಿಂ ವೈಯಕ್ತಿಕ ಕಾನೂನಿನ ಹನಫಿ ಪಂಥದಲ್ಲಿ ಗಂಡು ಮಗು 7 ವರ್ಷದವರೆಗೆ, ಹೆಣ್ಣು ಮಗು ಪ್ರೌಢಾವಸ್ಥೆಗೆ ಬರುವವರೆಗೆ ತಾಯಿಯ ಬಳಿ ಇರುವ ಪದ್ಧತಿ ಇದೆ. ಅಲ್ಲಿಯೂ ನ್ಯಾಯಾಲಯಗಳು ಮಗುವಿನ ಹಿತವನ್ನು ನೋಡಿಯೇ ತೀರ್ಮಾನಿಸುತ್ತವೆ.

ನ್ಯಾಯಾಧೀಶರು ಏನನ್ನು ನೋಡುತ್ತಾರೆ?

ಮಗುವಿನ ವಯಸ್ಸು, ಆರೋಗ್ಯ, ಈಗಿರುವ ಶಾಲೆ, ಇದುವರೆಗೆ ಅದನ್ನು ನೋಡಿಕೊಂಡವರು ಯಾರು, ಒಡಹುಟ್ಟಿದವರು ಎಲ್ಲಿದ್ದಾರೆ, ಮನೆಯ ವಾತಾವರಣ, ಪೋಷಕರ ಕೆಲಸದ ಸಮಯ, ಹಿಂಸೆ ಅಥವಾ ಕುಡಿತದ ಹಿನ್ನೆಲೆ ಹೀಗೆ ಹಲವು ಸಂಗತಿಗಳನ್ನು ನ್ಯಾಯಾಲಯ ಪರಿಶೀಲಿಸುತ್ತದೆ. ಹೆಚ್ಚು ಸಂಬಳ ಇರುವವರಿಗೆ ಮಗು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ತಾಯಿಗೆ ಆದಾಯ ಕಡಿಮೆ ಎಂದಾದರೆ ತಂದೆ ಹಣ ಕೊಡಬೇಕೇ ಹೊರತು, ಅದನ್ನೇ ಕಾರಣ ಮಾಡಿ ಮಗುವನ್ನು ಕಿತ್ತುಕೊಳ್ಳುವಂತಿಲ್ಲ.

ಗಂಡ ಹೆಂಡತಿ ಪರಸ್ಪರರ ಮೇಲೆ ಮಾಡುವ ಆರೋಪಗಳೆಲ್ಲ ಸುಪರ್ದಿಯ ವಿಚಾರದಲ್ಲಿ ತೂಕ ಪಡೆಯುವುದಿಲ್ಲ. ವಿವಾಹೇತರ ಸಂಬಂಧ ವಿಚ್ಛೇದನಕ್ಕೆ ಕಾರಣವಾಗಬಹುದು, ಆದರೆ ಅದೊಂದೇ ಕಾರಣಕ್ಕೆ ಮಗುವಿನ ಸುಪರ್ದಿ ನಿರಾಕರಿಸಲಾಗದು ಎಂದು ಬಾಂಬೆ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ಹೇಳಿದೆ. ಒಳ್ಳೆಯ ಹೆಂಡತಿ ಅಥವಾ ಒಳ್ಳೆಯ ಗಂಡ ಆಗಿರಲಿಲ್ಲ ಎಂಬುದು ಒಳ್ಳೆಯ ತಾಯಿ ಅಥವಾ ತಂದೆ ಅಲ್ಲ ಎಂಬುದಕ್ಕೆ ಪುರಾವೆಯಲ್ಲ.

ಇನ್ನೊಂದು ಮುಖ್ಯ ಸಂಗತಿ ಎಂದರೆ ಸುಪರ್ದಿ ಆದೇಶ ಎಂದೂ ಶಾಶ್ವತವಲ್ಲ. ಮಗು ಬೆಳೆದಂತೆ ಅದರ ಅಗತ್ಯ ಬದಲಾಗುತ್ತದೆ. ತಾಯಿಗೆ ಬೇರೆ ಊರಿಗೆ ವರ್ಗವಾಗಬಹುದು, ತಂದೆ ಮರುಮದುವೆಯಾಗಬಹುದು, ಮಗುವಿಗೆ ಕಾಯಿಲೆ ಬರಬಹುದು. ಇಂಥ ಸಂದರ್ಭದಲ್ಲಿ ಹಳೆಯ ಆದೇಶವನ್ನು ಬದಲಿಸಲು ಯಾರು ಬೇಕಾದರೂ ಅರ್ಜಿ ಹಾಕಬಹುದು. 1973ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್ ಈ ಮಾತನ್ನು ಹೇಳಿದೆ.

ಮಗುವಿನ ಮಾತು ಕೇಳುತ್ತಾರೆಯೇ?

ತನಗೇನು ಬೇಕೆಂದು ತಿಳಿದು ಹೇಳುವಷ್ಟು ಮಗು ದೊಡ್ಡದಾಗಿದ್ದರೆ ಅದರ ಇಚ್ಛೆಯನ್ನು ಪರಿಗಣಿಸಬಹುದು ಎಂದು 1890ರ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಇದಕ್ಕೆ ಇಷ್ಟೇ ವಯಸ್ಸು ಎಂದು ಕಾನೂನು ಗೆರೆ ಹಾಕಿಲ್ಲ. ಸಾಮಾನ್ಯವಾಗಿ ನ್ಯಾಯಾಧೀಶರು ತಂದೆ ತಾಯಿ ಇಲ್ಲದಾಗ ತಮ್ಮ ಕೊಠಡಿಯಲ್ಲಿ ಮಗುವಿನ ಜತೆ ಮಾತನಾಡುತ್ತಾರೆ. ಅಗತ್ಯವಿದ್ದರೆ ಆಪ್ತಸಮಾಲೋಚಕರ ಅಥವಾ ಮನೋವೈದ್ಯರ ವರದಿ ಪಡೆಯುತ್ತಾರೆ.

ಆದರೆ ಮಗು ಹೇಳಿದ್ದೇ ಅಂತಿಮವಲ್ಲ. ಯಾರ ಮನೆಯಲ್ಲಿ ಇರುತ್ತದೋ ಅವರ ಮಾತನ್ನೇ ಮಗು ಒಪ್ಪಿಸುವ ಸಾಧ್ಯತೆ ಇರುತ್ತದೆ ಎಂಬುದು ನ್ಯಾಯಾಲಯಗಳಿಗೆ ಗೊತ್ತು. ಒಬ್ಬ ಪೋಷಕರ ವಿರುದ್ಧ ಮಗುವಿನ ಮನಸ್ಸು ಕೆಡಿಸುವುದು ಮಗುವಿಗೇ ಮಾಡುವ ಹಾನಿ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಎಚ್ಚರಿಸಿತ್ತು. ಹಾಗೆಂದು ಮಗು ಒಬ್ಬರನ್ನು ಬೇಡ ಎಂದ ತಕ್ಷಣ ಇನ್ನೊಬ್ಬರು ತಲೆ ಕೆಡಿಸಿದ್ದಾರೆ ಎಂಬ ತೀರ್ಮಾನಕ್ಕೂ ಬರಬಾರದು, ನಿಜವಾದ ಕಾರಣ ಹುಡುಕಬೇಕು ಎಂದು 2024ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಹೇಳಿದೆ.

ಭೇಟಿಯ ಹಕ್ಕು: ತಿಂಗಳಿಗೊಮ್ಮೆ ಮುಖ ನೋಡುವುದಷ್ಟೇ ಅಲ್ಲ

ಮಗು ಯಾರ ಬಳಿ ಇಲ್ಲವೋ ಅವರಿಗೆ ಭೇಟಿಯ ಹಕ್ಕು ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಬ್ಬರು ಪೋಷಕರ ಪ್ರೀತಿ ಪಡೆಯುವುದು ಮಗುವಿನ ಹಕ್ಕು ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿದೆ. ಬೇರೆ ಊರು, ಬೇರೆ ದೇಶದಲ್ಲಿರುವವರು ಫೋನ್ ಮತ್ತು ವಿಡಿಯೊ ಕರೆಯಲ್ಲಿ ಮಗುವಿನ ಜತೆ ಮಾತನಾಡುವ ಹಕ್ಕನ್ನೂ ನ್ಯಾಯಾಲಯ ಅದೇ ತೀರ್ಪಿನಲ್ಲಿ ಎತ್ತಿಹಿಡಿಯಿತು.

ಆರಂಭದಲ್ಲಿ ಭೇಟಿ ಕೋರ್ಟ್ ಆವರಣದ ಮಕ್ಕಳ ಕೊಠಡಿಯಲ್ಲಿ ನಡೆಯಬಹುದು. ವಿಶ್ವಾಸ ಬೆಳೆದ ಮೇಲೆ ವಾರಾಂತ್ಯ, ಹಬ್ಬ, ಬೇಸಿಗೆ ರಜೆಯ ಅರ್ಧ ಭಾಗ ಹೀಗೆ ವಿಸ್ತರಿಸುತ್ತಾರೆ. ಮಗುವಿಗೆ ಅಪಾಯವಿದೆ ಎಂದು ಕಂಡರೆ ಬೇರೊಬ್ಬರ ಸಮ್ಮುಖದಲ್ಲಿ ಮಾತ್ರ ಭೇಟಿ ಎಂದು ನ್ಯಾಯಾಲಯ ನಿರ್ಬಂಧಿಸಬಹುದು ಅಥವಾ ಭೇಟಿಯನ್ನೇ ನಿಲ್ಲಿಸಬಹುದು.

ಕರ್ನಾಟಕ ಹೈಕೋರ್ಟ್ ತೋರಿಸಿದ ಆರು ತಿಂಗಳ ಸೂತ್ರ

ಜಂಟಿ ಸುಪರ್ದಿ ಎಂಬ ಪದ ಮೇಲಿನ ಯಾವ ಕಾಯ್ದೆಯಲ್ಲೂ ಇಲ್ಲ. ಆದರೂ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ 2013ರ ಸೆಪ್ಟೆಂಬರ್‌ನಲ್ಲಿ ಅಂಥ ಆದೇಶ ನೀಡಿತು. ಮಗು ಜನವರಿ 1ರಿಂದ ಜೂನ್ 30ರವರೆಗೆ ತಂದೆಯ ಬಳಿ, ಜುಲೈ 1ರಿಂದ ಡಿಸೆಂಬರ್ 31ರವರೆಗೆ ತಾಯಿಯ ಬಳಿ ಇರಬೇಕು. ಒಬ್ಬರ ಬಳಿ ಇರುವಾಗ ಶನಿವಾರ, ಭಾನುವಾರ ಇನ್ನೊಬ್ಬರು ಭೇಟಿಯಾಗಬಹುದು. ಫೋನ್, ವಿಡಿಯೊ ಕರೆಗೆ ಅಡ್ಡಿ ಮಾಡುವಂತಿಲ್ಲ. ಓದು ಮತ್ತಿತರ ಖರ್ಚನ್ನು ಇಬ್ಬರೂ ಸಮವಾಗಿ ಭರಿಸಬೇಕು.

ನ್ಯಾಯಮೂರ್ತಿ ಎ.ಪಿ. ಶಾ ಅಧ್ಯಕ್ಷತೆಯ ಕಾನೂನು ಆಯೋಗ 2015ರ ಮೇ ತಿಂಗಳಲ್ಲಿ ಸಲ್ಲಿಸಿದ 257ನೇ ವರದಿಯಲ್ಲಿ ಈ ತೀರ್ಪನ್ನು ಉಲ್ಲೇಖಿಸಿದೆ. ಜಂಟಿ ಸುಪರ್ದಿಯನ್ನು ಕಾನೂನಿನಲ್ಲೇ ಸೇರಿಸಬೇಕೆಂದು ಅದು ಶಿಫಾರಸು ಮಾಡಿತು. ಇಂಥ ವ್ಯವಸ್ಥೆ ಎಲ್ಲರಿಗೂ ಹೊಂದುವುದಿಲ್ಲ. ಪೋಷಕರು ಒಂದೇ ಊರಿನಲ್ಲಿದ್ದು, ಶಾಲೆ ಬದಲಿಸುವ ಅಗತ್ಯ ಬಾರದಿದ್ದರೆ ಮಾತ್ರ ಅದು ನಡೆಯಬಲ್ಲದು. ಹಿಂಜವಡಿಯಲ್ಲಿ ಒಬ್ಬರು, ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಇನ್ನೊಬ್ಬರು ಇದ್ದರೆ ಆರು ತಿಂಗಳಿಗೊಮ್ಮೆ ಶಾಲೆ ಬದಲಿಸುವುದು ಮಗುವಿಗೆ ಶಿಕ್ಷೆಯಾಗುತ್ತದೆ.

ಮಗುವಿನ ಖರ್ಚು ಯಾರು ಕೊಡಬೇಕು? ಎಷ್ಟು?

ಮಕ್ಕಳನ್ನು ಸಾಕುವ ಹೊಣೆ ತಂದೆ ತಾಯಿ ಇಬ್ಬರದೂ ಹೌದು. 1956ರ ಹಿಂದೂ ದತ್ತು ಮತ್ತು ಜೀವನಾಂಶ ಕಾಯ್ದೆಯ 20ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ತಾಯಿ ದುಡಿಯುತ್ತಾಳೆ ಎಂಬ ಕಾರಣಕ್ಕೆ ತಂದೆ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. ಹಾಗೆಯೇ ಸಂಪಾದಿಸುವ ತಾಯಿ ಎಲ್ಲ ಭಾರವನ್ನೂ ತಂದೆಯ ಮೇಲೆ ಹಾಕುವಂತಿಲ್ಲ.

ಇಂತಿಷ್ಟು ಶೇಕಡಾ ಎಂಬ ಸೂತ್ರ ಕಾನೂನಿನಲ್ಲಿ ಇಲ್ಲ. ಆದರೆ ಒಂದು ದಾರಿ ಇದೆ. 2000ದಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಪ್ರಕರಣದಲ್ಲಿ ಇಬ್ಬರೂ ಉದ್ಯೋಗಸ್ಥರು. ತಂದೆಯ ಸಂಬಳ ತಾಯಿಯದಕ್ಕಿಂತ ಸುಮಾರು ಎರಡು ಪಟ್ಟು. ಪ್ರತಿ ಮಗುವಿಗೆ ತಿಂಗಳಿಗೆ 3,000 ರೂಪಾಯಿ ಬೇಕೆಂದು ಲೆಕ್ಕ ಹಾಕಿದ ನ್ಯಾಯಾಲಯ, ಅದನ್ನು ಇಬ್ಬರೂ 2:1ರ ಪ್ರಮಾಣದಲ್ಲಿ ಹಂಚಿಕೊಳ್ಳಬೇಕು ಎಂದಿತು.

ಇಂದಿನ ಲೆಕ್ಕದಲ್ಲಿ ನೋಡುವುದಾದರೆ, ತಂದೆಗೆ 80,000, ತಾಯಿಗೆ 40,000 ರೂಪಾಯಿ ಸಂಬಳ ಇದೆ ಎಂದಿಟ್ಟುಕೊಳ್ಳಿ. ಶಾಲಾ ಶುಲ್ಕ, ವ್ಯಾನ್, ಊಟ, ಬಟ್ಟೆ, ವೈದ್ಯರು, ಟ್ಯೂಷನ್ ಸೇರಿ ಮಗುವಿನ ತಿಂಗಳ ಖರ್ಚು 24,000 ರೂಪಾಯಿ. ಈ ಪ್ರಮಾಣದಲ್ಲಿ ತಂದೆಯ ಪಾಲು 16,000, ತಾಯಿಯ ಪಾಲು 8,000 ರೂಪಾಯಿ ಆಗುತ್ತದೆ. ಇದು ತಿಳಿವಳಿಕೆಗಾಗಿ ಕೊಟ್ಟ ಉದಾಹರಣೆ ಮಾತ್ರ. ಸಾಲದ ಕಂತು, ವಯಸ್ಸಾದ ತಂದೆ ತಾಯಿಯ ಹೊಣೆ, ಮಗುವನ್ನು ದಿನವಿಡೀ ನೋಡಿಕೊಳ್ಳುವವರ ಶ್ರಮ ಇವನ್ನೂ ನ್ಯಾಯಾಲಯ ತೂಗಿ ನೋಡುತ್ತದೆ.

ಆದಾಯ ಮುಚ್ಚಿಟ್ಟರೆ?

ಕೋರ್ಟಿಗೆ ಬಂದಾಗ ಸಂಬಳ ಕಡಿಮೆ ತೋರಿಸುವುದು ಹಳೆಯ ತಂತ್ರ. ಇದಕ್ಕೆ ಕಡಿವಾಣ ಹಾಕಿದ್ದು ಮಹಾರಾಷ್ಟ್ರದಿಂದಲೇ ಸುಪ್ರೀಂ ಕೋರ್ಟ್‌ಗೆ ಹೋದ 'ರಜನೇಶ್ ವಿರುದ್ಧ ನೇಹಾ' ಪ್ರಕರಣ. ನಾಗಪುರದ ಕೌಟುಂಬಿಕ ನ್ಯಾಯಾಲಯದಲ್ಲಿ ಶುರುವಾದ ಈ ಪ್ರಕರಣದಲ್ಲಿ 2020ರ ನವೆಂಬರ್ 4ರಂದು ತೀರ್ಪು ಬಂತು. ಜೀವನಾಂಶದ ಪ್ರಕರಣಗಳಲ್ಲಿ ಎರಡೂ ಕಡೆಯವರು ತಮ್ಮ ಆದಾಯ, ಆಸ್ತಿ, ಸಾಲ, ಖರ್ಚಿನ ವಿವರಗಳನ್ನು ಅಫಿಡವಿಟ್ ಮೂಲಕ ಸಲ್ಲಿಸುವುದು ಕಡ್ಡಾಯವಾಯಿತು. ಸಂಬಳದ ಚೀಟಿ, ಬ್ಯಾಂಕ್ ವಿವರ, ಆದಾಯ ತೆರಿಗೆ ರಿಟರ್ನ್ಸ್ ಇದಕ್ಕೆ ಆಧಾರ. ಸುಳ್ಳು ಹೇಳಿದರೆ ಕಾನೂನು ಕ್ರಮ ಎದುರಿಸಬೇಕಾಗುತ್ತದೆ.

ಜೀವನಾಂಶವನ್ನು ತೀರ್ಪಿನ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು ಎಂಬುದು ಅದೇ ತೀರ್ಪಿನ ಇನ್ನೊಂದು ಮುಖ್ಯ ಅಂಶ. ಪ್ರಕರಣ ಎಳೆದಷ್ಟೂ ಲಾಭ ಎಂಬ ಲೆಕ್ಕಾಚಾರಕ್ಕೆ ಇದರಿಂದ ಪೆಟ್ಟು ಬಿತ್ತು. ಮಕ್ಕಳ ಖರ್ಚು ಮತ್ತು ಶಿಕ್ಷಣದ ಮಧ್ಯಂತರ ಅರ್ಜಿಯನ್ನು ನೋಟಿಸ್ ತಲುಪಿದ 60 ದಿನಗಳೊಳಗೆ ಸಾಧ್ಯವಾದಷ್ಟೂ ಇತ್ಯರ್ಥ ಮಾಡಬೇಕೆಂದು ಹಿಂದೂ ವಿವಾಹ ಕಾಯ್ದೆಯೂ ಹೇಳುತ್ತದೆ.

18 ತುಂಬಿದರೆ ಹೊಣೆ ಮುಗಿಯಿತೇ?

ಸಾಮಾನ್ಯ ನಿಯಮ 18 ವರ್ಷ. ಆದರೆ ಅವಿವಾಹಿತ ಮಗಳು ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿಯಲ್ಲಿದ್ದರೆ ಮದುವೆಯಾಗುವವರೆಗೂ ಜೀವನಾಂಶ ಕೇಳಬಹುದು ಎಂದು 1956ರ ಜೀವನಾಂಶ ಕಾಯ್ದೆಯನ್ನು ಆಧರಿಸಿ ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ದೈಹಿಕ ಅಥವಾ ಮಾನಸಿಕ ತೊಂದರೆಯಿಂದ ದುಡಿಯಲಾಗದ ಮಕ್ಕಳಿಗೆ 18ರ ನಂತರವೂ ಜೀವನಾಂಶ ಇದೆ.

ಗಂಡು ಮಕ್ಕಳ ಓದಿನ ಪ್ರಶ್ನೆಯೂ ಇದೆ. ಕರ್ನಾಟಕದ ಸರ್ಕಾರಿ ನೌಕರರೊಬ್ಬರ ಪ್ರಕರಣದಲ್ಲಿ 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಮಗ ಮೊದಲ ಪದವಿ ಮುಗಿಸುವವರೆಗೂ ತಂದೆ ಹಣ ಕೊಡಬೇಕು ಎಂದು ಆದೇಶಿಸಿತು. ಇಂದಿನ ದಿನಗಳಲ್ಲಿ 18ಕ್ಕೇ ನಿಲ್ಲಿಸಿದರೆ ಓದು ಅರ್ಧಕ್ಕೇ ನಿಲ್ಲುತ್ತದೆ ಎಂಬುದು ಅದರ ಹಿಂದಿನ ತರ್ಕ.

ಮುಸ್ಲಿಂ ಮಕ್ಕಳೂ ಸಾಮಾನ್ಯ ಕಾನೂನಿನಡಿ ತಂದೆಯಿಂದ ಜೀವನಾಂಶ ಪಡೆಯಲು ಅರ್ಹರು ಎಂದು ಸುಪ್ರೀಂ ಕೋರ್ಟ್ 1997ರಲ್ಲೇ ತೀರ್ಪು ನೀಡಿದೆ. ಹಿಂದೆ ಅಪರಾಧ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ ಆಗಿದ್ದ ಈ ಅವಕಾಶ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಆಗಿದೆ. ಇದು ಎಲ್ಲ ಧರ್ಮದವರಿಗೂ ಅನ್ವಯ.

ಹಣ ಕೊಡದಿದ್ದರೆ ಮಗುವನ್ನು ತೋರಿಸದಿರಬಹುದೇ?

ಇಲ್ಲ. ಬಹುತೇಕ ಜಗಳಗಳು ಹದಗೆಡುವುದು ಇಲ್ಲಿಯೇ. "ದುಡ್ಡು ಕೊಟ್ಟಿಲ್ಲ, ಮಗುವನ್ನು ಕಳಿಸಲ್ಲ" ಎನ್ನುತ್ತಾರೆ ಒಬ್ಬರು. "ಮಗುವನ್ನು ತೋರಿಸಲ್ಲ, ದುಡ್ಡು ಕೊಡಲ್ಲ" ಎನ್ನುತ್ತಾರೆ ಇನ್ನೊಬ್ಬರು. ಕಾನೂನಿನ ಕಣ್ಣಿನಲ್ಲಿ ಎರಡೂ ತಪ್ಪು. ಜೀವನಾಂಶ ಮಗುವಿನ ಹೊಟ್ಟೆ ಮತ್ತು ಶಾಲೆಗೆ ಸಂಬಂಧಿಸಿದ್ದು. ಭೇಟಿ ಮಗುವಿನ ಮನಸ್ಸಿಗೆ ಸಂಬಂಧಿಸಿದ್ದು. ಒಂದನ್ನು ಇನ್ನೊಂದಕ್ಕೆ ಒತ್ತೆ ಇಡಲು ಬರುವುದಿಲ್ಲ.

ಹಣ ಬಾರದಿದ್ದರೆ 144ನೇ ಸೆಕ್ಷನ್ ಅಡಿಯ ಆದೇಶ ಇರುವವರು ಬಾಕಿಯಾದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬೇಕು. ಸಕಾರಣವಿಲ್ಲದೆ ಪಾವತಿಸದವರ ವಿರುದ್ಧ ವಾರಂಟ್ ಹೊರಡಿಸಿ, ಆ ನಂತರವೂ ಉಳಿಯುವ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೆ ಕಳಿಸಲು ಅವಕಾಶವಿದೆ. ಸಿವಿಲ್ ಡಿಕ್ರಿಯಂತೆ ಸಂಬಳ ಅಥವಾ ಆಸ್ತಿ ಜಪ್ತಿಯೂ ಸಾಧ್ಯ. ಮಗುವನ್ನು ತೋರಿಸದಿದ್ದರೆ ಆದೇಶ ನೀಡಿದ ನ್ಯಾಯಾಲಯಕ್ಕೇ ಜಾರಿ ಅರ್ಜಿ ಅಥವಾ ನ್ಯಾಯಾಂಗ ನಿಂದನೆ ಅರ್ಜಿ ಹಾಕಬಹುದು. ಪದೇ ಪದೇ ಹೀಗಾದರೆ ಸುಪರ್ದಿಯನ್ನೇ ಮರುಪರಿಶೀಲಿಸುವಂತೆ ಕೇಳಬಹುದು. ಎರಡಕ್ಕೂ ದಾರಿ ಕೋರ್ಟ್ ಮೂಲಕವೇ ಹೊರತು ಶಾಲೆಯ ಗೇಟಿನಲ್ಲಿ ಮಗುವನ್ನು ಎಳೆದಾಡುವುದಲ್ಲ.

ಸಂಸಾರ ಪುಣೆಯಲ್ಲಿ, ತವರು ಕರ್ನಾಟಕದಲ್ಲಿ: ಯಾವ ಕೋರ್ಟ್?

ಪುಣೆಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಇದು ದೊಡ್ಡ ಪ್ರಶ್ನೆ. ಧಾರವಾಡದಲ್ಲಿ ಮದುವೆ, ಪಿಂಪ್ರಿ ಚಿಂಚವಾಡದಲ್ಲಿ ಸಂಸಾರ, ಜಗಳವಾದ ಮೇಲೆ ಹೆಂಡತಿ ಮಗುವಿನೊಂದಿಗೆ ವಿಜಯಪುರದ ತವರಿಗೆ ಹೋಗಿದ್ದಾಳೆ ಎಂದುಕೊಳ್ಳಿ. ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಮದುವೆ ನಡೆದ ಊರು, ಕೊನೆಯದಾಗಿ ಒಟ್ಟಿಗೆ ವಾಸಿಸಿದ ಊರು, ಎದುರುದಾರರು ಇರುವ ಊರು ಈ ಮೂರರಲ್ಲಿ ಎಲ್ಲಿಯಾದರೂ ಅರ್ಜಿ ಹಾಕಬಹುದು. ಅರ್ಜಿದಾರರು ಹೆಂಡತಿಯಾಗಿದ್ದರೆ ತಾನು ವಾಸಿಸುವ ಊರಿನಲ್ಲೂ ಹಾಕಬಹುದು. ಅಂದರೆ ಆಕೆ ವಿಜಯಪುರದಲ್ಲೇ ವಿಚ್ಛೇದನ ಕೇಳಬಹುದು.

ಮಗುವಿನ ಸುಪರ್ದಿಗಾಗಿ 1890ರ ಕಾಯ್ದೆಯಡಿ ಹೋಗುವುದಾದರೆ ನಿಯಮ ಬೇರೆ. ಮಗು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತದೋ ಅಲ್ಲಿನ ನ್ಯಾಯಾಲಯಕ್ಕೆ ಮಾತ್ರ ಅಧಿಕಾರ. ರಜೆಗೆ ಅಜ್ಜಿ ಮನೆಗೆ ಹೋದ ಮಾತ್ರಕ್ಕೆ ಮಗುವಿನ ವಾಸಸ್ಥಳ ಬದಲಾಗುವುದಿಲ್ಲ. ಅಲ್ಲಿಯೇ ಶಾಲೆಗೆ ಸೇರಿ ನೆಲೆಗೊಂಡಿದ್ದರೆ ಬದಲಾಗಬಹುದು. ಇದನ್ನು ನ್ಯಾಯಾಲಯ ಆಯಾ ಪ್ರಕರಣದ ಸಂಗತಿಗಳನ್ನು ನೋಡಿ ನಿರ್ಧರಿಸುತ್ತದೆ.

ಪುಣೆಯಲ್ಲಿ ಗಂಡ ಹಾಕಿದ ಪ್ರಕರಣವನ್ನು ವಿಜಯಪುರಕ್ಕೋ ಬೆಳಗಾವಿಗೋ ವರ್ಗಾಯಿಸಬೇಕಾದರೆ ಎರಡೂ ರಾಜ್ಯಗಳ ಹೈಕೋರ್ಟ್‌ಗಳಿಗೆ ಆ ಅಧಿಕಾರ ಇಲ್ಲ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸಿವಿಲ್ ಪ್ರಕರಣ ವರ್ಗಾಯಿಸುವ ಅಧಿಕಾರ ಸುಪ್ರೀಂ ಕೋರ್ಟ್‌ಗೆ ಮಾತ್ರ ಇದೆ. ವೈವಾಹಿಕ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಹೆಂಡತಿಯ ಅನುಕೂಲವನ್ನು ನೋಡಬೇಕು ಎಂದು 2022ರಲ್ಲಿ ಅದು ಹೇಳಿದೆ. ಚಿಕ್ಕ ಮಗುವನ್ನು ಕಟ್ಟಿಕೊಂಡು ನೂರಾರು ಕಿಲೋಮೀಟರ್ ಓಡಾಡುವ ಕಷ್ಟವನ್ನು ಅರ್ಜಿಯಲ್ಲಿ ವಿವರವಾಗಿ ಬರೆಯಬೇಕು.

ವಿದೇಶಕ್ಕೆ ಹೋದರೆ?

ಪುಣೆಯ ತಾಯಿಯಂಥದೇ ಪ್ರಶ್ನೆ ಬೆಂಗಳೂರಿನಿಂದಲೂ ಬಂದಿತ್ತು. ಸಿಂಗಾಪುರಕ್ಕೆ ವರ್ಗವಾದ ತಾಯಿಯೊಬ್ಬರಿಗೆ ಮಗನನ್ನು ಕರೆದೊಯ್ಯಲು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಅನುಮತಿ ನೀಡಿ, ತಂದೆಯ ಭೇಟಿಗೆ ವ್ಯವಸ್ಥೆ ಮಾಡಿತು.

ಅನುಮತಿ ಇಲ್ಲದೆ ಕರೆದೊಯ್ದರೆ ಅಥವಾ ಕರೆತಂದರೆ ಫಲಿತಾಂಶ ಬೇರೆಯಾಗಬಹುದು. ಅಮೆರಿಕದಲ್ಲಿ ಹುಟ್ಟಿ ಬೆಳೆದ ಬಾಲಕನೊಬ್ಬನನ್ನು ತಾಯಿ 2020ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ಕರೆತಂದಿದ್ದರು. ತಂದೆ ಕರ್ನಾಟಕ ಹೈಕೋರ್ಟ್‌ನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರೂ ಪರಿಹಾರ ಸಿಗಲಿಲ್ಲ. 2022ರ ಜುಲೈ 29ರಂದು ಸುಪ್ರೀಂ ಕೋರ್ಟ್, ಬಾಲಕ ಅಮೆರಿಕಕ್ಕೆ ಮರಳುವುದೇ ಅವನ ಹಿತಕ್ಕೆ ಒಳ್ಳೆಯದು ಎಂದು ತೀರ್ಪು ನೀಡಿತು. ಮಕ್ಕಳ ಅಂತಾರಾಷ್ಟ್ರೀಯ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹೀಗಾಗಿ ವಿದೇಶಿ ನ್ಯಾಯಾಲಯದ ಆದೇಶ ಇಲ್ಲಿ ತಾನಾಗಿ ಜಾರಿಯಾಗುವುದಿಲ್ಲ. ಆದರೂ ಅದು ನ್ಯಾಯಾಲಯ ಪರಿಗಣಿಸುವ ಸಂಗತಿಗಳಲ್ಲಿ ಒಂದಾಗಿರುತ್ತದೆ.

ಪರಸ್ಪರ ಒಪ್ಪಿಗೆಯ ವಿಚ್ಛೇದನವೇ? ಇವನ್ನು ಬರೆಸಿಕೊಳ್ಳಿ

ಇಬ್ಬರೂ ಒಪ್ಪಿ ಬೇರೆಯಾಗುವವರು ಆಸ್ತಿ, ಒಡವೆಯ ಬಗ್ಗೆ ಉದ್ದುದ್ದ ಬರೆದು ಮಗುವಿನ ಬಗ್ಗೆ ಒಂದೇ ಸಾಲು ಬರೆಯುವುದುಂಟು. ಮುಂದಿನ ಜಗಳಕ್ಕೆ ಅದೇ ಬೀಜ. ಒಪ್ಪಂದದಲ್ಲಿ ಈ ಅಂಶಗಳು ಸ್ಪಷ್ಟವಾಗಿರಬೇಕು:

• ಮಗು ಯಾರ ಬಳಿ ಇರುತ್ತದೆ, ವಾರಾಂತ್ಯದಲ್ಲಿ ಯಾರು ಎಷ್ಟು ಗಂಟೆಗೆ ಕರೆದೊಯ್ದು ಎಷ್ಟು ಗಂಟೆಗೆ ಬಿಡುತ್ತಾರೆ

• ಗಣೇಶ ಚತುರ್ಥಿ, ದಸರಾ, ದೀಪಾವಳಿ, ಹುಟ್ಟುಹಬ್ಬ, ಬೇಸಿಗೆ ರಜೆಯ ಹಂಚಿಕೆ

• ಫೋನ್ ಮತ್ತು ವಿಡಿಯೊ ಕರೆಯ ದಿನ, ಸಮಯ

• ತಿಂಗಳ ಖರ್ಚಿನ ಮೊತ್ತ, ಯಾವ ತಾರೀಖಿನೊಳಗೆ ಯಾವ ಖಾತೆಗೆ, ಪ್ರತಿ ವರ್ಷ ಎಷ್ಟು ಹೆಚ್ಚಳ

• ಶಾಲಾ ಶುಲ್ಕ, ಆರೋಗ್ಯ ವಿಮೆ, ದಿಢೀರ್ ಆಸ್ಪತ್ರೆ ಖರ್ಚು ಮತ್ತು ಕಾಲೇಜು ಓದಿನ ಹೊಣೆ

• ಪಾಸ್‌ಪೋರ್ಟ್ ಯಾರ ಬಳಿ, ಊರು ಅಥವಾ ದೇಶ ಬದಲಿಸುವ ಮುನ್ನ ಎಷ್ಟು ದಿನ ಮೊದಲು ತಿಳಿಸಬೇಕು

• ಎರಡೂ ಕಡೆಯ ಅಜ್ಜ ಅಜ್ಜಿಯ ಭೇಟಿಗೆ ಅವಕಾಶ

"ನನಗೇನೂ ಬೇಡ, ಮಗುವಿಗೂ ಏನೂ ಬೇಡ, ಬಿಡುಗಡೆ ಸಿಕ್ಕರೆ ಸಾಕು" ಎಂದು ತಾಯಿ ಸಹಿ ಹಾಕಿದ್ದರೂ ಮಗುವಿನ ಹಕ್ಕು ಹೋಗುವುದಿಲ್ಲ. ಹೆಂಡತಿ ತನ್ನ ಹಕ್ಕನ್ನು ಬಿಟ್ಟುಕೊಡಬಹುದು, ಮಕ್ಕಳ ಜೀವನಾಂಶದ ಹಕ್ಕನ್ನು ಬಿಟ್ಟುಕೊಡಲು ಆಕೆಗೆ ಅಧಿಕಾರವಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

ವಕೀಲರಿಗೆ ಹಣ ಇಲ್ಲದಿದ್ದರೆ?

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರು ಮತ್ತು ಮಕ್ಕಳಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ಪುರುಷರಿಗೆ ಆದಾಯ ಮಿತಿ ಮತ್ತಿತರ ಅರ್ಹತೆಯ ಆಧಾರದಲ್ಲಿ ನೆರವು ಇದೆ. ಪುಣೆ ಸೇರಿದಂತೆ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. 15100 ಸಹಾಯವಾಣಿಗೆ ಕರೆ ಮಾಡಿಯೂ ಮಾಹಿತಿ ಪಡೆಯಬಹುದು.

ಅರ್ಜಿ ಹಾಕುವ ಮುನ್ನ ಮಗುವಿನ ಜನನ ಪ್ರಮಾಣಪತ್ರ, ಶಾಲೆಯ ಶುಲ್ಕದ ರಸೀದಿ, ಆಸ್ಪತ್ರೆಯ ಬಿಲ್, ತಿಂಗಳ ಖರ್ಚಿನ ಪಟ್ಟಿ, ಇಬ್ಬರ ಆದಾಯಕ್ಕೆ ಸಿಗುವ ದಾಖಲೆ ಇವನ್ನು ಒಂದೆಡೆ ಜೋಡಿಸಿಟ್ಟುಕೊಳ್ಳುವುದು ಒಳ್ಳೆಯದು. ಪ್ರತಿ ಪ್ರಕರಣದ ಸಂಗತಿ ಬೇರೆಯಾಗಿರುವುದರಿಂದ ಅಂತಿಮ ಹೆಜ್ಜೆ ಇಡುವ ಮುನ್ನ ವಕೀಲರ ಸಲಹೆ ಪಡೆಯಬೇಕು. ಕೋರ್ಟಿನಲ್ಲಿ ಯಾರ ವಾದ ಗೆದ್ದರೂ, ಆದೇಶದ ಪ್ರಕಾರ ಬದುಕಬೇಕಾದ್ದು ಮಗುವೇ ಎಂಬುದು ನೆನಪಿನಲ್ಲಿರಲಿ.